ಮಳೆಗಾಲದಲ್ಲಿ ಪೀರಿಯಡ್ ಪ್ಯಾಂಟಿ ಒಣಗಿಸುವುದು ಹೇಗೆ ಮಾರಾಯ್ರೇ?

ಸಾಗರದ ಸೊಸೆ
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಮುಜುಗರದ್ದು, ಆದರೆ ಕೇಳಲು ನನಗೆ ಬೇರೆ ಜಾಗ ಇಲ್ಲ.

ಮದುವೆಯಾಗಿ ಬೆಂಗಳೂರಿನಿಂದ ಸಾಗರದ ಹತ್ತಿರದ ಹಳ್ಳಿಗೆ ಬಂದು ಒಂದೂವರೆ ವರ್ಷವಾಯಿತು. ಇಲ್ಲಿ ಪ್ಯಾಡ್ ಎಸೆಯುವುದೇ ದೊಡ್ಡ ತಲೆನೋವು. ಕಸದ ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತೋಟದಲ್ಲಿ ಹೂತರೆ ನಾಯಿ ಕೆದರುತ್ತದೆ. ಒಂದು ದಿನ ಆ ಪುಣ್ಯಾತ್ಮ ನಾಯಿ ಪ್ಯಾಡನ್ನು ಸೀದಾ ಅಂಗಳಕ್ಕೆ ಕಚ್ಚಿಕೊಂಡು ಬಂತು. ಮಾವ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಅವತ್ತೇ ನಿರ್ಧಾರ ಮಾಡಿದೆ, ಇನ್ನು ಎಸೆಯುವ ಸಾಮಾನು ಬೇಡ.

ಫೆಬ್ರವರಿಯಲ್ಲಿ ಮೂರು ಪೀರಿಯಡ್ ಪ್ಯಾಂಟಿ ತರಿಸಿದೆ, ಅಂದರೆ ಮುಟ್ಟಿನ ರಕ್ತವನ್ನು ತಾನೇ ಹೀರುವ, ಒಗೆದು ಮತ್ತೆ ಬಳಸುವ ಚಡ್ಡಿ. ಒಂದಕ್ಕೆ 600 ರೂಪಾಯಿ. ಬೇಸಿಗೆಯಲ್ಲಿ ಸ್ವರ್ಗ! ತೊಡೆ ಉಜ್ಜುವುದಿಲ್ಲ, ರಾತ್ರಿ ಎದ್ದು ಹಾಸಿಗೆ ನೋಡುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಶುರುವಾಯಿತು ಪಾಡು. ಎರಡು ದಿನ ಕಳೆದರೂ ಮಧ್ಯದ ದಪ್ಪ ಭಾಗ ತಣ್ಣಗೇ ಇರುತ್ತದೆ. ಮುಗ್ಗಲು ವಾಸನೆ ಬೇರೆ. ವಾಸನೆ ಹೋಗಲಿ ಎಂದು ಘಮಘಮ ಅನ್ನುವ ಫ್ಯಾಬ್ರಿಕ್ ಕಂಡೀಷನರ್ ಹಾಕಿ ನೆನೆಸಿಟ್ಟೆ. ಆಮೇಲೆ ಹೀರುವುದೇ ಕಡಿಮೆಯಾಯಿತು. ಹೋದ ತಿಂಗಳು ಪಕ್ಕದಿಂದ ಸೋರಿ ಸೀರೆಗೆ ಕಲೆ ಆಯಿತು, ಅದೂ ನಾದಿನಿಯ ಸೀಮಂತದ ದಿನ.

ನನ್ನ ಪ್ರಶ್ನೆ ಇಷ್ಟೇ. ಬಿಸಿಲೇ ಇಲ್ಲದ ಊರಲ್ಲಿ ಇದನ್ನು ಬಳಸುವವರು ಹೇಗೆ ಒಣಗಿಸುತ್ತೀರಿ? ಅಥವಾ ಮಳೆಗಾಲ ಮುಗಿಯುವವರೆಗೆ ಪ್ಯಾಡಿಗೇ ವಾಪಸ್ ಹೋಗಲಾ?

ಕಪ್ಪಮ್ಮ
ಕಪ್ ತಗೊಳ್ಳಿ. ಮುಗಿಯಿತು. ಒಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಪುಟ್ಟ ಬಟ್ಟಲು ಅದು, ತೊಳೆದರೆ ಆಯಿತು, ಒಣಗಿಸುವ ಪ್ರಶ್ನೆಯೇ ಇಲ್ಲ.

ಹಂಡೆ ಒಲೆ
ತಂಗೀ, ನಾನು ತೀರ್ಥಹಳ್ಳಿ ಕಡೆಯವಳು, ವಯಸ್ಸು 58. ನಿನ್ನ ಕಷ್ಟ ನಮಗೆಲ್ಲ ಹಳೆಯದು. ನಮ್ಮ ಕಾಲದಲ್ಲಿ ಪ್ಯಾಂಟಿಯೂ ಇಲ್ಲ, ಪ್ಯಾಡೂ ಇಲ್ಲ. ಅಮ್ಮನ ಹಳೆ ನೂಲಿನ ಸೀರೆ ಹರಿದು ಮಡಿಸಿ ಇಟ್ಟುಕೊಳ್ಳುವುದು. ಆಷಾಢದಲ್ಲಿ ಆ ಬಟ್ಟೆಗಳು ಎಲ್ಲಿ ಒಣಗುತ್ತಿದ್ದವು ಗೊತ್ತಾ? ಬಚ್ಚಲ ಒಲೆಯ ಮೇಲೆ ಅಡ್ಡ ಕಟ್ಟಿದ ಗಳದ ಮೇಲೆ. ಬೆಳಗ್ಗೆ ಹಂಡೆ ನೀರು ಕಾಯುವಷ್ಟರಲ್ಲಿ ಬಟ್ಟೆ ಗರಿಗರಿ. ಹೊಗೆ ವಾಸನೆ ಇರುತ್ತಿತ್ತು, ಮುಗ್ಗಲು ವಾಸನೆ ಮಾತ್ರ ಇರಲಿಲ್ಲ. ನಿಮ್ಮ ಮನೆಯಲ್ಲೂ ಬಚ್ಚಲ ಒಲೆ ಇದ್ದೇ ಇರುತ್ತದೆ. ಅದರ ಮೇಲೆ ಹಾಕು.

ಲ್ಯಾಬ್ ಲಲಿತೆ
@ಹಂಡೆ ಒಲೆ, ಅಮ್ಮಾ, ಬಟ್ಟೆಗೆ ಅದು ಸರಿ. ಈ ಪ್ಯಾಂಟಿಗೆ ದಯವಿಟ್ಟು ಬೇಡ. ನಾನು ಬಟ್ಟೆ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡಿದವಳು, ಸ್ವಲ್ಪ ಉದ್ದ ಬರೆಯುತ್ತೇನೆ.

ಪೀರಿಯಡ್ ಪ್ಯಾಂಟಿಯ ಮಧ್ಯಭಾಗದಲ್ಲಿ ಸಾಮಾನ್ಯವಾಗಿ ಮೂರು ಪದರ ಇರುತ್ತದೆ. ಮೈಗೆ ತಾಗುವುದು ಒದ್ದೆಯನ್ನು ಒಳಗೆ ಎಳೆದುಕೊಳ್ಳುವ ತೆಳು ಪದರ. ಮಧ್ಯೆ ಹೀರಿ ಹಿಡಿದಿಟ್ಟುಕೊಳ್ಳುವ ದಪ್ಪ ಪದರ. ಹೊರಗೆ ಸೋರದಂತೆ ತಡೆಯುವ ಪದರ, ಬಟ್ಟೆಗೆ ಪಾಲಿಯುರಿಥೇನ್ ಹಾಳೆ ಅಂಟಿಸಿರುವುದು. ಈ ಹಾಳೆಗೆ ಬಿಸಿ ಆಗುವುದಿಲ್ಲ. ಒಲೆಯ ಮೇಲೆ ಹಾಕಿದರೆ ಸುಕ್ಕುಗಟ್ಟಿ ಬಿಟ್ಟುಕೊಳ್ಳುತ್ತದೆ, ಎಲಾಸ್ಟಿಕ್ ಸಡಿಲವಾಗುತ್ತದೆ. ಇಸ್ತ್ರಿ, ಬಿಸಿ ಡ್ರೈಯರ್, ಕುದಿಯುವ ನೀರು ಯಾವುದೂ ಬೇಡ.

ಇನ್ನು ಸಾಗರದವರ ಸೋರಿಕೆಗೆ ಕಾರಣ ಮಳೆ ಅಲ್ಲ, ಆ ಕಂಡೀಷನರ್. ಅದು ನೂಲಿನ ಮೇಲೆ ಮೇಣದಂಥ ತೆಳು ಲೇಪ ಬಿಡುತ್ತದೆ. ಬಟ್ಟೆ ಮೆತ್ತಗಾಗುತ್ತದೆ, ನೀರು ಹೀರುವುದಿಲ್ಲ. ಟವೆಲ್‌ಗೂ ಹೀಗೇ ಆಗುತ್ತದೆ, ಗಮನಿಸಿ ನೋಡಿ. ಮೂರು ನಾಲ್ಕು ಸಲ ಬರೀ ಸ್ವಲ್ಪ ಡಿಟರ್ಜೆಂಟಿನಲ್ಲಿ ಒಗೆದು, ಚೆನ್ನಾಗಿ ಜಾಲಿಸಿ. ಹೀರುವ ಗುಣ ಬಹುಪಾಲು ವಾಪಸ್ ಬರುತ್ತದೆ.

ಒಣಗಿಸುವುದಕ್ಕೆ: ತಣ್ಣೀರಲ್ಲಿ ಕೆಂಪು ಹೋಗುವವರೆಗೆ ಹಿಚುಕಿ. ವಾಷಿಂಗ್ ಮೆಷಿನ್ ಇದ್ದರೆ ನೆಟ್ ಚೀಲದಲ್ಲಿ ಹಾಕಿ ಒಗೆದು ಸ್ಪಿನ್ ಮಾಡಿ. ಮೆಷಿನ್ ಇಲ್ಲದಿದ್ದರೆ ಒಣ ಟವೆಲ್‌ನಲ್ಲಿ ಚಪಾತಿ ರೋಲ್ ಥರ ಸುತ್ತಿ ಮೇಲೆ ನಿಂತು ತುಳಿಯಿರಿ. ಅರ್ಧ ನೀರು ಅಲ್ಲೇ ಹೋಗುತ್ತದೆ. ಆಮೇಲೆ ಒಳಭಾಗ ಹೊರಗೆ ಮಾಡಿ ಫ್ಯಾನ್ ಕೆಳಗೆ ನೇತು ಹಾಕಿ. ಆ ಪ್ಲಾಸ್ಟಿಕ್ ಹಾಳೆ ಇರುವ ಕಡೆಯಿಂದ ಗಾಳಿ ಆಡುವುದಿಲ್ಲ, ಅದಕ್ಕೇ ಸುಮ್ನೆ ದಾರದ ಮೇಲೆ ಹಾಕಿದರೆ ಒಣಗುವುದೇ ಇಲ್ಲ.

ಹಂಡೆ ಒಲೆ
ಓ, ಪ್ಲಾಸ್ಟಿಕ್ ಇದೆಯಾ ಅದರಲ್ಲಿ! ಹಾಗಾದರೆ ಪರಿಸರ ಪರಿಸರ ಅಂತ ಯಾಕೆ ಹೇಳುತ್ತಾರೋ.

ಲ್ಯಾಬ್ ಲಲಿತೆ
ಇದೆ ಅಮ್ಮಾ. ಆದರೆ ಒಂದನ್ನು ಎರಡು ವರ್ಷ ಬಳಸಬಹುದು. ಪ್ಯಾಡ್ ಆದರೆ ನಾಲ್ಕು ಗಂಟೆ.

ಲೆಕ್ಕದ ಟೀಚರ್
ಪರಿಸರ ಇರಲಿ, ದುಡ್ಡಿನ ಲೆಕ್ಕ ನೋಡೋಣ. ಎಲ್ಲರೂ "ಉಳಿತಾಯ ಉಳಿತಾಯ" ಅನ್ನುತ್ತಾರೆ, ಯಾರೂ ಕೂಡಿಸಿ ನೋಡುವುದಿಲ್ಲ.

ತಿಂಗಳಿಗೆ 15 ಪ್ಯಾಡ್, ಒಂದಕ್ಕೆ 8 ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 120, ವರ್ಷಕ್ಕೆ 1,440, ಎರಡು ವರ್ಷಕ್ಕೆ 2,880. ಪ್ಯಾಂಟಿ ಒಂದಕ್ಕೆ 600. ಮೂರು ಸಾಲುವುದಿಲ್ಲ, ಐದಾದರೂ ಬೇಕು. ಅಂದರೆ 3,000. ಎರಡು ವರ್ಷಕ್ಕೆ ಅದು ಮುಗಿಯಿತು. ಉಳಿತಾಯ ಎಲ್ಲಿ ಬಂತು? ಉಲ್ಟಾ 120 ರೂಪಾಯಿ ಲಾಸ್, ಸೋಪು ನೀರು ಬೇರೆ. ಜನೌಷಧಿ ಕೇಂದ್ರದ ಸುವಿಧಾ ಪ್ಯಾಡ್ ಒಂದು ರೂಪಾಯಿಗೆ ಸಿಗುತ್ತದೆ, 2019ರಿಂದ. ಅದರ ಜೊತೆ ಹೋಲಿಸಿದರಂತೂ ಮಾತೇ ಬೇಡ. 360ಕ್ಕೆ ಎರಡು ವರ್ಷ.

ಕಪ್ ಮಾತ್ರ ಲೆಕ್ಕದಲ್ಲಿ ಗೆಲ್ಲುತ್ತದೆ. 400 ರೂಪಾಯಿ ಒಂದು ಸಲ, ಚೆನ್ನಾಗಿ ನೋಡಿಕೊಂಡರೆ ಎಷ್ಟೋ ವರ್ಷ.

ಕಪ್ಪಮ್ಮ
ಟೀಚರ್‌ಗೆ ಜೈ.

ಸಾಗರದ ಸೊಸೆ
@ಲ್ಯಾಬ್ ಲಲಿತೆ ತುಂಬಾ ಥ್ಯಾಂಕ್ಸ್ ಅಕ್ಕ. ಕಂಡೀಷನರ್ ವಿಷಯ ಗೊತ್ತೇ ಇರಲಿಲ್ಲ. ಫ್ಯಾನ್ ಕೆಳಗೆ ಹಾಕಬಹುದು, ಆದರೆ ಕರೆಂಟ್ ಇದ್ದರೆ ತಾನೇ. ಇಲ್ಲಿ ಮರ ಬಿದ್ದರೆ ಎರಡು ದಿನ ಕತ್ತಲೆ. ಮತ್ತೆ ನಮ್ಮ ರೂಮಿನಲ್ಲಿ ನೇತು ಹಾಕಿದರೆ ಅತ್ತೆ "ಇದೇನು ಇಷ್ಟು ದಪ್ಪ ಚಡ್ಡಿ" ಎಂದು ಕೇಳುತ್ತಾರೆ. ಈಗ ಟವೆಲ್ ಅಡಿಯಲ್ಲಿ ಬಚ್ಚಿಟ್ಟು ಒಣಗಿಸುತ್ತಿದ್ದೇನೆ.

ಹೆರಿಗೆ ವಾರ್ಡ್ ನರ್ಸ್
ಟವೆಲ್ ಅಡಿಯಲ್ಲಾ! ಒಣಗದಿರುವುದಕ್ಕೆ ಇನ್ನೇನು ಬೇಕು. ಬಟ್ಟೆ ಕೆಟ್ಟದ್ದಲ್ಲ, ಬಟ್ಟೆ ಬಚ್ಚಿಡುವುದು ಕೆಟ್ಟದ್ದು. 22 ವರ್ಷದ ಸರ್ವಿಸ್‌ನಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹಸಿ ಬಟ್ಟೆ ಹಾಕಿಕೊಂಡು ತುರಿಕೆ, ಗುಳ್ಳೆ ಎಂದು ಬರುತ್ತಾರೆ. ಪೂರ್ತಿ ಒಣಗದೆ ಹಾಕಲೇಬೇಡಿ. ಮೂರು ಪ್ಯಾಂಟಿ ಇದ್ದು ಎರಡು ಹಸಿ ಇದ್ದರೆ, ಅವತ್ತು ಪ್ಯಾಡ್ ಹಾಕಿ. ಅದರಲ್ಲಿ ಪಾಪ ಏನೂ ಇಲ್ಲ.

ಧಾರವಾಡದಾಕಿ
ನಮ್ಮ ಕಡೆ ಬಿಸಿಲಿಗೆ ಬರ ಇಲ್ಲ ನೋಡ್ರಿ, ನೀರಿಗೆ ಬರ. ಎಂಟು ದಿನಕ್ಕೊಮ್ಮೆ ನಳ ಬರುತ್ತದೆ. ತೊಳೆಯುವುದಕ್ಕೆ ಒಂದು ಬಕೀಟ್ ಜಾಸ್ತಿ ಅಂದರೆ ಮನೆಯಲ್ಲಿ ಜಗಳ. ಸಾಗರದ ಅಕ್ಕನಿಗೆ ನೀರು ಜಾಸ್ತಿ ಬಿಸಿಲಿಲ್ಲ, ನನಗೆ ಬಿಸಿಲು ಜಾಸ್ತಿ ನೀರಿಲ್ಲ. ಮನೆ ಅದಲು ಬದಲು ಮಾಡೋಣೇನ್ರಿ?

ಸಾಗರದ ಸೊಸೆ
ನಾಳೆಯೇ ಬನ್ನಿ 😄 ಉಂಬಳ, ಅದೇ ಜಿಗಣೆ, ಉಚಿತ.

ಪಿಜಿ ಮೂರನೇ ಮಹಡಿ
ಬೆಂಗಳೂರಿನಲ್ಲಿ ಎರಡೂ ಇಲ್ಲ ಅಕ್ಕಂದಿರೇ. 2024ರ ಮಾರ್ಚ್‌ನಲ್ಲಿ ನಮ್ಮ ಪಿಜಿಯಲ್ಲಿ ಬೆಳಗ್ಗೆ ಅರ್ಧ ಗಂಟೆ ನೀರು ಬಿಡುತ್ತಿದ್ದರು. ರೂಮಿಗೆ ನಾಲ್ಕು ಜನ, ಒಂದು ಬಾತ್‌ರೂಮ್. ಟೆರೇಸಿಗೆ ಬೀಗ. ಆ ತಿಂಗಳು ಕಪ್ ಇದ್ದಿದ್ದಕ್ಕೆ ಬದುಕಿದೆ. ಬೆಳಗ್ಗೆ ಖಾಲಿ ಮಾಡಿ, ಕುಡಿಯುವ ನೀರಿನ ಬಾಟಲಿಯಿಂದ ಅರ್ಧ ಲೋಟದಲ್ಲಿ ತೊಳೆದು ಮತ್ತೆ ಹಾಕಿಕೊಂಡರೆ ರಾತ್ರಿಯವರೆಗೆ ಚಿಂತೆ ಇಲ್ಲ.

ಕಪ್ ಕುದಿಸಿ ಶುಚಿ ಮಾಡುವುದು ಮಾತ್ರ ಕಾಮಿಡಿ. ಮ್ಯಾಗಿ ಮಾಡುವ ಎಲೆಕ್ಟ್ರಿಕ್ ಕೆಟಲ್‌ನಲ್ಲೇ ಕುದಿಸಿದೆ. ರೂಮ್‌ಮೇಟ್‌ಗೆ ಇವತ್ತಿನವರೆಗೂ ಹೇಳಿಲ್ಲ. ಅವಳು ಈ ಚರ್ಚೆ ಓದುತ್ತಿದ್ದರೆ, ಸಾರಿ ಕಣೇ.

ಧಾರವಾಡದಾಕಿ
ಅಯ್ಯೋ ಶಿವನೇ 😂

ಪಾಳಿ ಮುಗೀತು
ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಟೈಲರ್, 11 ವರ್ಷದಿಂದ. ಕಪ್ ಕಪ್ ಅನ್ನುವವರು ಒಂದು ದಿನ ನಮ್ಮ ಲೈನಿನಲ್ಲಿ ಬಂದು ಕೂರಬೇಕು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಟಾಯ್ಲೆಟ್‌ಗೆ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾರೆ. ಒಳಗೆ ಸೋಪು ಇರುವುದಿಲ್ಲ, ಕೈಗೆ ನೂಲಿನ ಧೂಳು, ಮೆಷಿನ್ ಎಣ್ಣೆ. ಆ ಕೈಯಲ್ಲಿ ಕಪ್ ತೆಗೆದು ಹಾಕುವುದು ನನ್ನಿಂದ ಆಗುವುದಿಲ್ಲ.

ನಾನು ಹೆಚ್ಚು ಹೋಗುವ ಎರಡು ದಿನ ಪ್ಯಾಡ್ ಮತ್ತು ಮೇಲೆ ಪೀರಿಯಡ್ ಪ್ಯಾಂಟಿ ಎರಡೂ ಹಾಕುತ್ತೇನೆ. ಪ್ಯಾಡ್ ತುಂಬಿದರೂ ಪ್ಯಾಂಟಿ ಹಿಡಿಯುತ್ತದೆ. ಮೊದಲು ಯೂನಿಫಾರ್ಮ್ ಹಿಂದೆ ಕಲೆ ಆಗಿದೆಯಾ ಎಂದು ಪಕ್ಕದವಳನ್ನು ಪದೇ ಪದೇ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ.

ಇನ್ನೊಂದು ವಿಷಯ, ಇದು ನನ್ನ ಕಸುಬು ಆದ್ದರಿಂದ ಹೇಳುತ್ತೇನೆ. ಸಾಗರದ ಅಕ್ಕ "ಪಕ್ಕದಿಂದ ಸೋರಿತು" ಎಂದಿದ್ದಾರೆ. ಪ್ಯಾಂಟಿ ತಿರುಗಿಸಿ ನೋಡಿ. ಮಧ್ಯದ ಪದರವನ್ನು ಅಂಚಿನಲ್ಲಿ ಹೇಗೆ ಕೂಡಿಸಿದ್ದಾರೆ? ಸುಮ್ನೆ ಸೂಜಿ ಹೊಲಿಗೆ ಹಾಕಿದ್ದರೆ ಒಂದೊಂದು ಸೂಜಿ ತೂತೂ ಒಂದೊಂದು ಸೋರುವ ಜಾಗ. ನೂಲೇ ದೀಪದ ಬತ್ತಿಯ ಹಾಗೆ ಒದ್ದೆಯನ್ನು ಹೊರಗೆ ಎಳೆಯುತ್ತದೆ. ಒಳ್ಳೆಯದರಲ್ಲಿ ಅಂಚನ್ನು ಬಿಸಿ ಒತ್ತಿ ಅಂಟಿಸಿರುತ್ತಾರೆ, ಇಲ್ಲವೇ ಹೊಲಿಗೆಯ ಮೇಲೆ ಟೇಪ್ ಇರುತ್ತದೆ. ಮತ್ತೆ ಸೋರದ ಪದರ ಹಿಂದೆ ಸೊಂಟದವರೆಗೆ ಬಂದಿದೆಯಾ ನೋಡಿ. ಮಧ್ಯದಲ್ಲಿ ಒಂದು ಗೇಣು ಹಾಕಿ "ಫುಲ್ ಪ್ರೊಟೆಕ್ಷನ್" ಎಂದು ಬರೆಯುವವರು ತುಂಬಾ ಜನ ಇದ್ದಾರೆ.

ಸಾಗರದ ಸೊಸೆ
ಈಗಷ್ಟೇ ಹೋಗಿ ನೋಡಿ ಬಂದೆ. ಮೂರರಲ್ಲೂ ಸೂಜಿ ಹೊಲಿಗೆ!! ಟೇಪ್ ಗೀಪ್ ಏನೂ ಇಲ್ಲ.

ಪಾಳಿ ಮುಗೀತು
ಅದೇ ಹೇಳಿದ್ದು ಅಕ್ಕ. ಹಗುರ ಹೋಗುವ ದಿನಕ್ಕೆ ಇಟ್ಟುಕೊಳ್ಳಿ.

ಲ್ಯಾಬ್ ಲಲಿತೆ
@ಪಾಳಿ ಮುಗೀತು, ನಾನು ಹೇಳಬೇಕಿದ್ದನ್ನು ನೀವೇ ಹೇಳಿದಿರಿ, ಅದೂ ನನಗಿಂತ ಚೆನ್ನಾಗಿ. ಒಂದು ಮಾತು ಸೇರಿಸುತ್ತೇನೆ. ಮತ್ತೆ ಬಳಸುವ ಪ್ಯಾಡ್ ಮತ್ತು ಪೀರಿಯಡ್ ಪ್ಯಾಂಟಿಗೆ ಭಾರತೀಯ ಮಾನಕ ಇದೆ, ಐಎಸ್ 17514, 2021ರದ್ದು. ಕೊಳ್ಳುವಾಗ ಲೇಬಲ್‌ನಲ್ಲಿ ಅದರ ಹೆಸರಿದೆಯಾ ನೋಡಿ.

ಸುಮ್ನೆ ಬಂದವನು
ಇದೆಲ್ಲ ನಾಲ್ಕು ಜನರ ಮುಂದೆ ಮಾತಾಡುವ ವಿಷಯವಾ? ನಮ್ಮ ಸಂಸ್ಕೃತಿಯಲ್ಲಿ ಹೆಂಗಸರು ಇದನ್ನು ಗುಟ್ಟಾಗಿ ಇಡುತ್ತಿದ್ದರು.

ಕುಡ್ಲದ ಕುಸುಮ
ಗುಟ್ಟಾ? ನಮ್ಮ ತುಳುನಾಡಿಗೆ ಬನ್ನಿ ಮಾರಾಯ್ರೇ. ಫೆಬ್ರವರಿಯಲ್ಲಿ ಕೆಡ್ಡಸ ಎಂದು ಮೂರು ದಿನ ಮಾಡುತ್ತೇವೆ. ಭೂಮಿತಾಯಿ ಮುಟ್ಟಾದಳು ಎಂದು ಊರಿಗೆ ಊರೇ ಹೇಳುತ್ತದೆ. ಆ ದಿನಗಳಲ್ಲಿ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ. ಕೊನೆಯ ದಿನ ಅಂಗಳದಲ್ಲಿ ಭೂಮಿಗೆ ಎಣ್ಣೆ, ಅರಿಶಿನ, ಕುಂಕುಮ ಇಟ್ಟು ಅವಳಿಗೆ ಸ್ನಾನ ಮಾಡಿಸುವ ಶಾಸ್ತ್ರ. ಹುರಿದ ಅಕ್ಕಿ ಪುಡಿಗೆ ಬೆಲ್ಲ ತೆಂಗಿನಕಾಯಿ ಹಾಕಿ ನನ್ನೆರಿ ಮಾಡಿ ಹಂಚುತ್ತೇವೆ. ಭೂಮಿತಾಯಿಯ ಮುಟ್ಟು ಗುಟ್ಟಲ್ಲ, ಅವಳ ಹೆಣ್ಣುಮಕ್ಕಳದ್ದು ಮಾತ್ರ ಗುಟ್ಟಾ?

ಹಂಡೆ ಒಲೆ
ಸರಿಯಾಗಿ ಹೇಳಿದೆ ಮಗಳೇ. ಮತ್ತೆ ಗುಟ್ಟು ಎಲ್ಲಿತ್ತು ಸ್ವಾಮಿ? "ಕಾಗೆ ಮುಟ್ಟಿದೆ" ಎಂದು ಮೂರು ದಿನ ಹೊರಗೆ ಕೂರಿಸಿದರೆ ದಾರಿಯಲ್ಲಿ ಹೋಗುವ ಪೋಸ್ಟ್‌ಮ್ಯಾನ್‌ಗೂ ಗೊತ್ತಾಗುತ್ತಿತ್ತು.

ಸುಮ್ನೆ ಬಂದವನು
ನಾನು ಸುಮ್ನೆ ಕೇಳಿದೆ ಅಷ್ಟೇ.

ಒಬ್ಬ ಅಪ್ಪ
ಗಂಡಸರು ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಮೇಲಿನವರ ಹಾಗಲ್ಲ, ನಿಜವಾಗಿ ತಿಳಿದುಕೊಳ್ಳಬೇಕಿದೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಮಗಳಿಗೆ 12. ಹೋದ ತಿಂಗಳು ಶಾಲೆಯಲ್ಲೇ ಆಯಿತು. ಟೀಚರ್ ಪ್ಯಾಡ್ ಕೊಟ್ಟು ಕಳಿಸಿದರು. ನನ್ನ ಅಕ್ಕ ಬಂದು ಶಾಸ್ತ್ರ, ಚಿಗಳಿ ಉಂಡೆ ಎಲ್ಲ ಮುಗಿಸಿ ಊರಿಗೆ ಹೋದಳು. ಈಗ ಮನೆಯಲ್ಲಿ ನಾವಿಬ್ಬರೇ. ಪ್ಯಾಡ್ ಸರಿದು ಕಲೆ ಆಗುತ್ತದೆ ಎಂದು ಶಾಲೆಗೆ ಹೋಗಲ್ಲ ಅನ್ನುತ್ತಾಳೆ. ಅವಳಿಗೆ ಈ ಪ್ಯಾಂಟಿ ಆಗುತ್ತದೆಯೇ? ಅವಳಿಗೆ ಮುಜುಗರ ಆಗದ ಹಾಗೆ ಹೇಗೆ ಕೊಡಲಿ?

ಹೆರಿಗೆ ವಾರ್ಡ್ ನರ್ಸ್
ಖಂಡಿತ ಬರೆಯಬಹುದು ಸರ್. ಮಕ್ಕಳ ಸೈಜಿನಲ್ಲೂ ಸಿಗುತ್ತದೆ. ಸೊಂಟದ ಅಳತೆ ನೋಡಿ ತರಿಸಿ, ದೊಡ್ಡದು ಬೇಡ, ತೊಡೆಯ ಹತ್ತಿರ ಸಡಿಲ ಇದ್ದರೆ ಸೋರುತ್ತದೆ. ಮೊದಲ ವರ್ಷ ಮುಟ್ಟು ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಯಾವಾಗ ಬರುತ್ತದೋ ಎಂಬ ಭಯಕ್ಕೆ ಇದು ಒಳ್ಳೆಯ ಔಷಧಿ. ಅನುಮಾನದ ದಿನ ಹಾಕಿಕೊಂಡು ಹೋದರಾಯಿತು. ಬ್ಯಾಗಿನಲ್ಲಿ ಒಂದು ಜಿಪ್ ಚೀಲ, ಇನ್ನೊಂದು ಚಡ್ಡಿ ಇರಲಿ. ಏಳು ದಿನಕ್ಕಿಂತ ಹೆಚ್ಚು ಹೋದರೆ, ಗಂಟೆಗೊಂದು ಪ್ಯಾಡ್ ತುಂಬಿದರೆ ಡಾಕ್ಟರಿಗೆ ತೋರಿಸಿ.

ಲೆಕ್ಕದ ಟೀಚರ್
ಸರ್, ನಾನು ಹೈಸ್ಕೂಲ್ ಟೀಚರ್. ಮುಜುಗರ ಅವಳಿಗಿಂತ ನಿಮಗೇ ಜಾಸ್ತಿ ಇರಬಹುದು. ಅವಳ ಬೀರುವಿನಲ್ಲಿ ಇಟ್ಟು "ಇಟ್ಟಿದ್ದೇನೆ ಮಗಳೇ, ಹೇಗೆ ಒಗೆಯಬೇಕು ಎಂದು ಚೀಟಿಯಲ್ಲಿದೆ" ಎಂದರೆ ಸಾಕು. ಭಾಷಣ ಬೇಡ.

ಒಬ್ಬ ಅಪ್ಪ
ಧನ್ಯವಾದ ಮೇಡಂ, ಇಬ್ಬರಿಗೂ. ಒಗೆಯುವುದನ್ನು ನಾನು ಮಾಡಿಕೊಟ್ಟರೆ ತಪ್ಪಾ?

ಹೆರಿಗೆ ವಾರ್ಡ್ ನರ್ಸ್
ಅವಳು ಒಪ್ಪಿದರೆ ತಪ್ಪೇನಿಲ್ಲ. ಕೇಳಿ ಮಾಡಿ.

ವಾರ್ಡಿನ ಮಗಳು
ನನ್ನ ಅಮ್ಮ ಪೌರಕಾರ್ಮಿಕರು. ಎಲ್ಲರ ಮಾತು ಓದಿದೆ, ನೀರು, ಬಿಸಿಲು, ದುಡ್ಡು, ನಾಚಿಕೆ. ಆ ಪ್ಯಾಡ್ ಎತ್ತುವವರ ಮಾತು ಯಾರೂ ಎತ್ತಲಿಲ್ಲ.

ಬೆಂಗಳೂರಿನಲ್ಲಿ 2 ಬಿನ್ 1 ಬ್ಯಾಗ್ ಅಂತ, ಅಂದರೆ ಹಸಿ ಕಸಕ್ಕೊಂದು, ಪ್ಯಾಡಿನಂಥ ಕಸಕ್ಕೊಂದು ಬಿನ್, ಒಣ ಕಸಕ್ಕೆ ಬ್ಯಾಗ್ ಅಂತ ನಿಯಮ ಬಂದು ಎಷ್ಟು ವರ್ಷ ಆಯಿತು? ಹೈಕೋರ್ಟ್ 2015ರಲ್ಲೇ ಹೇಳಿತ್ತು. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಬೇರೆ ಕೊಡಬೇಕು. ನಮ್ಮಮ್ಮ ಹೋಗುವ ಬೀದಿಯಲ್ಲಿ ಹಾಗೆ ಕೊಡುವ ಮನೆ ಹತ್ತರಲ್ಲಿ ಎರಡೋ ಮೂರೋ. ಉಳಿದದ್ದು ಅನ್ನ ಸಾರಿನ ಜೊತೆಗೇ ಇರುತ್ತದೆ. ಅಮ್ಮ ಅದನ್ನು ಕೈಯಲ್ಲಿ ಬೇರೆ ಮಾಡುತ್ತಾರೆ. ಗ್ಲೌಸ್ ಹರಿದರೆ ಹೊಸದು ಬರುವವರೆಗೆ ಬರಿಗೈ. ಕೆಲವರು ಕಮೋಡಿನಲ್ಲಿ ಹಾಕಿ ಫ್ಲಶ್ ಮಾಡುತ್ತಾರೆ. ಅದು ಒಳಚರಂಡಿ ಪೈಪಿನಲ್ಲಿ ಉಬ್ಬಿ ಕೂರುತ್ತದೆ, ಆಮೇಲೆ ಅದನ್ನು ತೆಗೆಯಲು ಇನ್ನೊಬ್ಬರ ಮಗ ಇಳಿಯಬೇಕು.

ನೀವು ಕಪ್ ಹಾಕಿ, ಪ್ಯಾಂಟಿ ಹಾಕಿ, ಪ್ಯಾಡ್ ಹಾಕಿ, ಯಾವುದಾದರೂ ಸರಿ. ಪ್ಯಾಡ್ ಹಾಕಿದರೆ ಸುತ್ತಿ ಕೊಡಿ. ಒಂದು ಹಾಳೆ ಪೇಪರ್ ಅಷ್ಟೇ ಕೇಳುತ್ತಿರುವುದು.

ಲೆಕ್ಕದ ಟೀಚರ್
ನನ್ನ ಲೆಕ್ಕದಲ್ಲಿ ಇದು ಬಿಟ್ಟೇ ಹೋಗಿತ್ತು. ತಿಂಗಳಿಗೆ 15 ಅಂದರೆ ವರ್ಷಕ್ಕೆ 180. 35 ವರ್ಷಕ್ಕೆ 6,300. ಒಬ್ಬಳದ್ದೇ. ಅಷ್ಟೂ ಯಾರದ್ದೋ ಕೈ ದಾಟಿ ಹೋಗುತ್ತದೆ.

ಪಿಜಿ ಮೂರನೇ ಮಹಡಿ
ಪ್ಯಾಡ್ ಕರಗಲು 500ರಿಂದ 800 ವರ್ಷ ಬೇಕು ಅನ್ನುತ್ತಾರೆ.

ಧಾರವಾಡದಾಕಿ
ಯಾರು ಕಾಯ್ದು ನೋಡ್ಯಾರ್ರೀ? ಆದರೆ ಪ್ಲಾಸ್ಟಿಕ್ ಅಂತೂ ಹೌದು.

ನೇರ ಮಾತು
ನನಗೊಂದು ತಕರಾರು ಇದೆ. ನಮ್ಮಮ್ಮ ಬಟ್ಟೆ ಒಗೆದು ಒಗೆದು ಬೇಸತ್ತು, ನಾನು ದೊಡ್ಡವಳಾದಾಗ ಮೊದಲ ಪ್ಯಾಡ್ ಪ್ಯಾಕೆಟ್ ತಂದುಕೊಟ್ಟು "ನಿನಗೆ ಈ ಕರ್ಮ ಬೇಡ" ಎಂದಿದ್ದರು. ಈಗ ಪರಿಸರದ ಹೆಸರಿನಲ್ಲಿ ಆ ಒಗೆಯುವ ಕೆಲಸವನ್ನು ಮತ್ತೆ ಹೆಂಗಸರ ತಲೆಗೇ ಕಟ್ಟುತ್ತಿದ್ದೀರಿ. ಅದೂ 600 ರೂಪಾಯಿ ತಗೊಂಡು. ಪ್ಲಾಸ್ಟಿಕ್ ಇಲ್ಲದ ಪ್ಯಾಡ್ ಅಗ್ಗವಾಗಿ ಮಾಡುವುದು ಕಂಪನಿಗಳ ಕೆಲಸ. ಕಸ ಸರಿಯಾಗಿ ಎತ್ತುವುದು ಪಾಲಿಕೆಯ ಕೆಲಸ. ಭೂಮಿ ಉಳಿಸುವುದು ನನ್ನ ಚಡ್ಡಿಯ ಕೆಲಸವಾ?

ಕಪ್ಪಮ್ಮ
ಯಾರೂ ಬಲವಂತ ಮಾಡಿಲ್ಲವಲ್ಲ.

ನೇರ ಮಾತು
ನೀವು ಮೊದಲ ಉತ್ತರದಲ್ಲೇ "ಕಪ್ ತಗೊಳ್ಳಿ, ಮುಗಿಯಿತು" ಎಂದಿರಿ. ಅವರು ಕೇಳಿದ್ದು ಒಣಗಿಸುವುದು ಹೇಗೆ ಅಂತ.

ವಾರ್ಡಿನ ಮಗಳು
@ನೇರ ಮಾತು, ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಕಂಪನಿ, ಪಾಲಿಕೆ ಸರಿಯಾಗುವವರೆಗೆ ಸುತ್ತಿ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ.

ನೇರ ಮಾತು
ಅದು ಮಾಡುತ್ತೇನೆ ತಂಗಿ. ಮಾಡುತ್ತಲೇ ಇದ್ದೇನೆ.

ಕುಡ್ಲದ ಕುಸುಮ
@ನೇರ ಮಾತು, ಬಟ್ಟೆ ಒಗೆಯುವ ಕಾಲಕ್ಕೆ ಮತ್ತೆ ವಾಪಸ್ ಅನ್ನುವವರಿಗೆ ಒಂದು ಮಾತು. ವಾಪಸ್ ಹೋಗುವುದಕ್ಕೆ ಎಲ್ಲರೂ ಬಿಟ್ಟಿದ್ದರೆ ತಾನೇ? 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 24 ವಯಸ್ಸಿನ ಹುಡುಗಿಯರಲ್ಲಿ ಅರ್ಧದಷ್ಟು ಜನ ಬಟ್ಟೆ ಬಳಸುತ್ತಾರೆ. ಕೆಲವರು ಬಟ್ಟೆ, ಪ್ಯಾಡ್ ಎರಡೂ. ಕಪ್ ಬಳಸುವವರು ನೂರಕ್ಕೆ ಒಬ್ಬರೂ ಇಲ್ಲ.

ನಮ್ಮ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ ಸರ್ಕಾರ ಪ್ಯಾಡ್ ಹಂಚುವ ಶುಚಿ ಯೋಜನೆಯಲ್ಲಿ ಹುಡುಗಿಯರಿಗೆ ಕಪ್ ಹಂಚಿ ನೋಡಿತು. ನನ್ನ ಅಕ್ಕನ ಮಗಳಿಗೂ ಸಿಕ್ಕಿತು. ಆರು ತಿಂಗಳು ಕಪಾಟಿನಲ್ಲೇ ಇತ್ತು. ಅಕ್ಕನಿಗೇ ಭಯ, "ಮದುವೆ ಆಗದ ಹುಡುಗಿ" ಅಂತ. ಕೊನೆಗೆ ಅವಳು ಈಜು ಸ್ಪರ್ಧೆಗೆ ಹೋಗಬೇಕಾಯಿತು ನೋಡಿ, ತಾನೇ ಧೈರ್ಯ ಮಾಡಿದಳು. ಈಗ ಅಕ್ಕನೂ ಒಂದು ತರಿಸಿಕೊಂಡಿದ್ದಾಳೆ. ಪಕ್ಕದ ಕೇರಳದ ಕುಂಬಳಂಗಿಯಲ್ಲಿ 2022ರಲ್ಲಿ ಊರಿಗೆ ಊರೇ ಪ್ಯಾಡ್ ಬಿಟ್ಟು ಕಪ್‌ಗೆ ಹೊರಟಿತು.

ಹೆರಿಗೆ ವಾರ್ಡ್ ನರ್ಸ್
ಕಪ್ ಮಾತು ಬಂದಿದ್ದರಿಂದ ಹೇಳುತ್ತೇನೆ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ 43 ಅಧ್ಯಯನ ಒಟ್ಟಿಗೆ ನೋಡಿದ ಒಂದು ವರದಿ ಬಂದಿತ್ತು. ಸೋರುವುದು ಪ್ಯಾಡಿನಷ್ಟೇ ಅಥವಾ ಕಡಿಮೆ, ಸೋಂಕು ಹೆಚ್ಚಾಗುವುದು ಕಂಡಿಲ್ಲ. ಆದರೆ ಮೊದಲ ಕೆಲವು ತಿಂಗಳು ಒದ್ದಾಟ ಇದ್ದೇ ಇದೆ. ಕಾಪರ್ ಟಿ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಹಾಕಬೇಡಿ, ಕಪ್ ಎಳೆಯುವಾಗ ಅದೂ ಸರಿಯಬಹುದು. ಬಾಣಂತಿಯರು ಹೆರಿಗೆಯಾದ ಮೊದಲ ವಾರಗಳಲ್ಲಿ ಬಳಸಬಾರದು. ಹಿಡಿದು ಸೀದಾ ಎಳೆಯಬಾರದು, ತಳ ಒತ್ತಿ ಗಾಳಿ ಬಿಟ್ಟು ತೆಗೆಯಬೇಕು. 12 ಗಂಟೆಗಿಂತ ಹೆಚ್ಚು ಇಡಬೇಡಿ.

ಕಪ್ಪಮ್ಮ
ಸರಿ, ನಾನು ಯಾಕೆ ಇಷ್ಟು ಕಪ್ ಕಪ್ ಅನ್ನುತ್ತೇನೆ ಹೇಳಿಬಿಡುತ್ತೇನೆ. ಮೂರು ವರ್ಷ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಎಲ್ಲರೂ "ಕೆಲಸ ಜಾಸ್ತಿ" ಎಂದರು. ಪ್ಯಾಡಿನಲ್ಲಿ ಎಷ್ಟು ಹೋಗುತ್ತಿದೆ ಎಂದು ಗೊತ್ತಾಗುವುದಿಲ್ಲ ಅಲ್ವಾ. ಕಪ್ಪಿನಲ್ಲಿ ಗೆರೆ ಇರುತ್ತದೆ. ಒಂದು ತಿಂಗಳು ಸುಮ್ನೆ ಬರೆದಿಟ್ಟೆ. ಒಟ್ಟು 140 ಎಂಎಲ್! 80 ದಾಟಿದರೇ ಹೆಚ್ಚು ಎಂದು ಡಾಕ್ಟರ್ ಹೇಳಿದರು. ಹಿಮೋಗ್ಲೋಬಿನ್ 7 ಇತ್ತು, ಗರ್ಭಕೋಶದಲ್ಲಿ ಗಡ್ಡೆ. ಆಪರೇಷನ್ ಆಗಿ ಈಗ ಆರಾಮ. ಅದಕ್ಕೇ ಹೊಸಬರಿಗೆ ಮೊದಲು ಅದನ್ನೇ ಹೇಳುವುದು. ಸಾಗರದ ಸೊಸೆಗೆ ಉತ್ತರ ಕೊಡದೆ ಉಪದೇಶ ಕೊಟ್ಟಿದ್ದು ತಪ್ಪು, ಒಪ್ಪುತ್ತೇನೆ.

ನೇರ ಮಾತು
ಅಯ್ಯೋ, ಗೊತ್ತಿರಲಿಲ್ಲ. ಕ್ಷಮಿಸಿ.

ಮ್ಯೂನಿಕ್ ಮಲ್ಲಿಗೆ
ಜರ್ಮನಿಯಿಂದ. ಇಲ್ಲಿ ನಮ್ಮ ಬಿಲ್ಡಿಂಗ್‌ಗೆ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಒಂದೇ ರೂಮು, ಎಂಟು ಮನೆಯವರಿಗೂ. ಮೊದಲ ಸಲ ನನ್ನ ಪೀರಿಯಡ್ ಪ್ಯಾಂಟಿಗಳನ್ನು ದುಪಟ್ಟಾ ಹಿಂದೆ ಬಚ್ಚಿಟ್ಟಿದ್ದೆ. ಮೇಲಿನ ಮನೆಯ ಅಜ್ಜಿ ದುಪಟ್ಟಾ ಸರಿಸಿ, ಗಾಳಿ ಆಡಲಿ ಎಂದು ಎಲ್ಲವನ್ನೂ ಸಾಲಾಗಿ ಕ್ಲಿಪ್ ಹಾಕಿ ಹೋಗಿದ್ದರು. ಸತ್ತೇ ಹೋದೆ ಅಂದುಕೊಂಡೆ. ಏನೂ ಆಗಲಿಲ್ಲ.

ಒಂದು ಎಚ್ಚರಿಕೆ. ಅಮೆರಿಕದ ಥಿಂಕ್ಸ್ ಕಂಪನಿಯ ಪ್ಯಾಂಟಿಗಳಲ್ಲಿ ಪಿಎಫ್‌ಎಎಸ್ ಎಂಬ, ಬೇಗ ಕರಗದೆ ಉಳಿಯುವ ರಾಸಾಯನಿಕ ಇದೆ ಎಂದು ಅಲ್ಲಿ ಕೇಸ್ ಆಗಿತ್ತು. ಕಂಪನಿ ಆರೋಪ ಒಪ್ಪಲಿಲ್ಲ, ಆದರೆ 2023ರಲ್ಲಿ ರಾಜಿ ಮಾಡಿಕೊಂಡಿತು. ನಾನಂತೂ ಈಗ "ಪಿಎಫ್‌ಎಎಸ್ ಇಲ್ಲ" ಎಂದು ಬರೆದಿದ್ದರೆ ಮಾತ್ರ ಕೊಳ್ಳುತ್ತೇನೆ.

ಹಂಡೆ ಒಲೆ
ಹಳೆ ಸೀರೆಯಲ್ಲಿ ಇದ್ಯಾವ ರಗಳೆಯೂ ಇರಲಿಲ್ಲ.

ಪಾಳಿ ಮುಗೀತು
ಅಮ್ಮಾ, ಹಳೆ ಸೀರೆ ಸರಿಯುತ್ತದೆ ಅಲ್ವಾ? ನಾನು ಹಳೆ ಬನಿಯನ್ ಬಟ್ಟೆ, ಫ್ಲಾನಲ್ ಸೇರಿಸಿ ರೆಕ್ಕೆ ಇಟ್ಟು ಗುಂಡಿ ಹಾಕಿ ಬಟ್ಟೆ ಪ್ಯಾಡ್ ಹೊಲಿಯುತ್ತೇನೆ. ಮಡಿಕೆ ಬಿಚ್ಚಿ ಒಣಗಿಸುವ ಹಾಗೆ. ಬಿಚ್ಚಿದರೆ ತೆಳ್ಳಗಿರುವುದರಿಂದ ಬೇಗ ಒಣಗುತ್ತದೆ, ನಿಮ್ಮ ಬಚ್ಚಲ ಒಲೆಯ ಮೇಲೂ ಹಾಕಬಹುದು. ಪ್ಲಾಸ್ಟಿಕ್ ಇಲ್ಲ. ಸಾಗರದ ಅಕ್ಕನಿಗೆ ಮಳೆಗಾಲಕ್ಕೆ ಇದೇ ಸರಿ ಅಂತ ನನ್ನ ಲೆಕ್ಕ.

ಲೆಕ್ಕದ ಟೀಚರ್
@ಪಾಳಿ ಮುಗೀತು, 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳದ ಮುಟ್ಟಿನ ರಜೆಗೆ ಒಪ್ಪಿತಲ್ಲ, ನಿಮ್ಮಲ್ಲಿ ಕೊಡುತ್ತಾರಾ?

ಪಾಳಿ ಮುಗೀತು
ರಜೆ ಕೇಳುವುದಕ್ಕೆ ಮೊದಲು ಸೂಪರ್‌ವೈಸರ್ ಮುಂದೆ ಹೋಗಿ ನಿಲ್ಲಬೇಕಲ್ಲ ಮೇಡಂ.

ಅಡ್ಮಿನ್
ರಜೆ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಒಣಗಿಸುವುದು ಮಾತ್ರ 🙂

ಸಾಗರದ ಸೊಸೆ
ಎರಡು ವಾರದ ನಂತರ ಬಂದೆ. ವರದಿ ಒಪ್ಪಿಸುತ್ತೇನೆ.

ಕಂಡೀಷನರ್ ಬಿಟ್ಟೆ. ನಾಲ್ಕು ಸಲ ಒಗೆದ ಮೇಲೆ ಹೀರುವುದು ಸರಿಯಾಯಿತು. ಟವೆಲ್‌ನಲ್ಲಿ ಸುತ್ತಿ ತುಳಿಯುವ ಉಪಾಯ ಅದ್ಭುತ, ಗಂಡ "ಏನು ಭರತನಾಟ್ಯ" ಎಂದು ಕೇಳಿದರು. ಒಳಭಾಗ ಹೊರಗೆ ಮಾಡಿ, ಬಚ್ಚಲ ಒಲೆಯಿಂದ ನಾಲ್ಕು ಮಾರು ದೂರದ ಅಟ್ಟದ ಕಂಬಕ್ಕೆ ದಾರ ಕಟ್ಟಿ ಹಾಕಿದೆ. ಬಿಸಿ ತಾಗುವುದಿಲ್ಲ, ಗಾಳಿ ಮಾತ್ರ ಬೆಚ್ಚಗೆ. ಒಂದು ದಿನ, ಒಂದು ರಾತ್ರಿಗೆ ಒಣಗಿತು. ಜೊತೆಗೆ ಹಳೆ ಬನಿಯನ್ನಿನಲ್ಲಿ ಎರಡು ಬಟ್ಟೆ ಪ್ಯಾಡ್ ಹೊಲಿದೆ, ಗುಂಡಿ ಸೊಟ್ಟ ಬಂದಿದೆ.

ಅಟ್ಟದಲ್ಲಿ ಹಾಕಿದ್ದು ಅತ್ತೆ ನೋಡಿಯೇ ಬಿಟ್ಟರು. ಕೈಯಲ್ಲಿ ಹಿಡಿದು ತಿರುಗಿಸಿ, ಒತ್ತಿ ನೋಡಿದರು. ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ. ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಹೋದರು. ರಾತ್ರಿ ಊಟ ಆದ ಮೇಲೆ ಒಬ್ಬಳೇ ಇದ್ದಾಗ ಬಂದು ಮೆಲ್ಲಗೆ ಕೇಳಿದರು, "ಕೆಮ್ಮಿದರೆ ನನಗೆ ಒಂದೆರಡು ಹನಿ ಹೋಗುತ್ತದೆ ಮಾರಾಯ್ತಿ. ಮದುವೆ ಮನೆಗೆ ಹೋಗುವುದೇ ಬಿಟ್ಟಿದ್ದೇನೆ. ಅದಕ್ಕೂ ಆಗುತ್ತದಾ ಇದು?"

ಆಗುತ್ತದಾ?

ಹೆರಿಗೆ ವಾರ್ಡ್ ನರ್ಸ್
ಅಯ್ಯೋ ಪಾಪ. ಎಷ್ಟೋ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಒಂದೆರಡು ಹನಿಗೆ ಆಗುತ್ತದೆ. ಅದಕ್ಕೆಂದೇ ಮಾಡಿದ್ದು ಬೇರೆ ಸಿಗುತ್ತದೆ, ಮೂತ್ರ ಬೇಗ ಹೀರುವಂಥದ್ದು, ಅದೇ ವಾಸಿ. ಆದರೆ ಅದರ ಜೊತೆ ಒಂದು ಸಲ ಡಾಕ್ಟರಿಗೂ ತೋರಿಸಿ. ಕೆಳಗಿನ ಸ್ನಾಯು ಬಿಗಿ ಮಾಡುವ ವ್ಯಾಯಾಮ ಇದೆ, ತುಂಬಾ ಜನರಿಗೆ ಅದರಲ್ಲೇ ಕಡಿಮೆ ಆಗಿದೆ.

ಹಂಡೆ ಒಲೆ
ತಂಗೀ, ಅದು ಎಲ್ಲಿ ಸಿಗುತ್ತದೆ ಎಂದು ಇಲ್ಲೇ ಹಾಕು. ನನ್ನ ಸ್ನೇಹಿತೆಯೊಬ್ಬಳಿಗೆ ಬೇಕಿತ್ತು.

ಧಾರವಾಡದಾಕಿ
ಸ್ನೇಹಿತೆಗಾ ಅಮ್ಮಾ? 😄

ಹಂಡೆ ಒಲೆ
ಸುಮ್ನಿರು. ಸೊಂಟ 40 ಇದ್ದರೆ ಯಾವ ಸೈಜು?

ಪಾಳಿ ಮುಗೀತು
ಡಬಲ್ ಎಕ್ಸೆಲ್ ತಗೊಳ್ಳಿ ಅಮ್ಮಾ. ಹೊಲಿಗೆ ಮೇಲೆ ಟೇಪ್ ಇದೆಯಾ ನೋಡಿ.